ಕೇಳಿದವರಿಗೆಲ್ಲ ಉತ್ತರಿಸುವ ಸರ್ವರ್

ಹೆಸರು ಕೇಳಿದವರಿಗೆ ವಿಳಾಸ ಹೇಳುವುದು ಡಿಎನ್‌ಎಸ್ ಸರ್ವರ್‌ನ ಕೆಲಸ. ರಾಮಗಿರಿಯ ನಾಡಕಚೇರಿಯಲ್ಲಿ ಜಾತಿ–ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಸಿಬ್ಬಂದಿ ಜಾಲತಾಣದ ಹೆಸರು ಒತ್ತಿದ ಕೂಡಲೇ, ಪುಟ ತೆರೆಯುವುದಕ್ಕೂ ಮೊದಲು, ಆ ಕಂಪ್ಯೂಟರಿನಿಂದ ಒಂದು ಪುಟ್ಟ ಪ್ರಶ್ನೆ ಹೊರಡುತ್ತದೆ: ಈ ಹೆಸರಿನ ತಾಣ ಯಾವ ಐಪಿ ವಿಳಾಸದಲ್ಲಿದೆ? ಉತ್ತರ ಬಂದ ಮೇಲೆಯೇ ಉಳಿದದ್ದೆಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಈ ಪ್ರಶ್ನೋತ್ತರ ಯಾರ ಗಮನಕ್ಕೂ ಬರುವುದಿಲ್ಲ. ಗಮನಕ್ಕೆ ಬಾರದ ಜಾಗವಾದ್ದರಿಂದಲೇ ಅದು ದುರ್ಬಳಕೆಗೂ ಅನುಕೂಲವಾಗಿದೆ.

ಈ ಏರ್ಪಾಡು ಹುಟ್ಟಿದ್ದು ಒಬ್ಬರನ್ನೊಬ್ಬರು ಬಲ್ಲವರ ನಡುವೆ. ಇಂಟರ್ನೆಟ್‌ನ ಪೂರ್ವಜವಾದ ಅರ್ಪಾನೆಟ್ ಜಾಲದ ಕಾಲದಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರು, ವಿಳಾಸ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಆ ಕಡತವನ್ನು ನೋಡಿಕೊಳ್ಳುತ್ತಿತ್ತು. ಯಂತ್ರಗಳು ಹೆಚ್ಚಿ ಒಂದು ಕಡತದಿಂದ ನಿಭಾಯಿಸಲಾಗದಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. 1987ರಲ್ಲಿ ಪರಿಷ್ಕರಣೆಗೊಂಡ ಅದರ ನಿಯಮಗಳೇ ಇಂದಿಗೂ ಬುನಾದಿ. ಕೆಲಸ ಬೇಗ ಆಗಲೆಂದು ಪ್ರಶ್ನೆಗಳು ಹೆಚ್ಚಾಗಿ ಯುಡಿಪಿ ಎಂಬ ಹಗುರ ವಿಧಾನದಲ್ಲಿ, 53ನೇ ಪೋರ್ಟಿನ ಮೂಲಕ ಸಾಗುತ್ತವೆ. ಯುಡಿಪಿಯಲ್ಲಿ ಕೈಕುಲುಕುವ ಶಾಸ್ತ್ರವಿಲ್ಲ. ಪ್ಯಾಕೆಟ್ಟಿನ ಮೇಲೆ ‘ಇಂಥವರಿಂದ’ ಎಂದು ಏನು ಬರೆದಿದೆಯೋ ಅದನ್ನೇ ಸರ್ವರ್ ನಂಬುತ್ತದೆ. ಮುಂದೆ ಹೇಳಲಿರುವ ತೊಂದರೆಗಳಲ್ಲಿ ಅತಿ ದೊಡ್ಡದು ಈ ನಂಬಿಕೆಯಿಂದಲೇ ಹುಟ್ಟಿದ್ದು.

ಸರ್ವರ್‌ಗಳಲ್ಲಿ ಎರಡು ಜಾತಿ. ಒಂದು, ತನ್ನ ಸುಪರ್ದಿನಲ್ಲಿರುವ ಹೆಸರುಗಳಿಗೆ ಮಾತ್ರ ಉತ್ತರ ಕೊಡುವ ಅಧಿಕೃತ ಸರ್ವರ್. ತನ್ನ ವೃತ್ತದ ಪಹಣಿಗೆ ಮಾತ್ರ ಜವಾಬ್ದಾರನಾದ ಗ್ರಾಮ ಆಡಳಿತ ಅಧಿಕಾರಿಯ ಹಾಗೆ. ಇನ್ನೊಂದು ರಿಸಾಲ್ವರ್. ಅದರ ಬಳಿ ಸ್ವಂತ ದಾಖಲೆ ಇರುವುದಿಲ್ಲ. ಅರ್ಜಿದಾರನ ಪರವಾಗಿ ಕಚೇರಿಯಿಂದ ಕಚೇರಿಗೆ ಅಲೆದು ಉತ್ತರ ತಂದುಕೊಡುತ್ತದೆ, ತಂದದ್ದನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಅಧಿಕೃತ ಸರ್ವರ್‌ಗೆ ಜಗತ್ತಿನ ಯಾವ ಮೂಲೆಯಿಂದಲಾದರೂ ಪ್ರಶ್ನೆ ಬರಬಹುದು, ಬರಲೇಬೇಕು. ರಿಸಾಲ್ವರ್‌ಗೆ ಹಾಗಲ್ಲ. ಚಿತ್ರದುರ್ಗದ ಕಾಲೇಜೊಂದು ತನ್ನ ವಿದ್ಯಾರ್ಥಿಗಳಿಗಾಗಿ ಇಟ್ಟ ರಿಸಾಲ್ವರ್ ಆ ಕಾಲೇಜಿನ ಒಳಗಿನವರಿಗೆ ಉತ್ತರಿಸಿದರೆ ಸಾಕು. ಊರಿನವರಿಗೂ ದಾರಿಹೋಕರಿಗೂ ಅದು ಸಮನಾಗಿ ಉತ್ತರಿಸುತ್ತಿದ್ದರೆ ಅದನ್ನು ತೆರೆದ ರಿಸಾಲ್ವರ್ ಎನ್ನುತ್ತಾರೆ. ಬೇಕೆಂದೇ ಎಲ್ಲರಿಗೂ ತೆರೆದಿಟ್ಟು, ಹಗಲಿರುಳು ಕಾಯುವ ಗೂಗಲ್, ಕ್ಲೌಡ್‌ಫ್ಲೇರ್‌ನಂಥ ದೊಡ್ಡ ಸೇವೆಗಳ ಮಾತು ಬೇರೆ. ಇಲ್ಲಿ ಹೇಳುತ್ತಿರುವುದು ಗೊತ್ತಿಲ್ಲದೆ ತೆರೆದುಕೊಂಡಿರುವ ಸರ್ವರ್‌ಗಳ ವಿಚಾರ.

ತೆರೆದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಡಿಕೆ ಮಂಡಿಯ ಉದಾಹರಣೆ ಸಾಕು. ಯಾರೋ ಒಬ್ಬರು ಭೀಮಸಮುದ್ರದ ಎಲ್ಲ ಅಡಿಕೆ ಮಂಡಿಗಳಿಗೂ ಒಂದೊಂದು ಕಾರ್ಡು ಬರೆದು, ‘ನಿಮ್ಮ ವರ್ಷದ ಧಾರಣೆ ಪಟ್ಟಿಯನ್ನೆಲ್ಲ ಕಳುಹಿಸಿಕೊಡಿ’ ಎಂದು ಕೇಳಿ, ಕೆಳಗೆ ಹೊಸದುರ್ಗದ ಒಬ್ಬ ಅಮಾಯಕನ ವಿಳಾಸ ಹಾಕಿದರು ಎಂದಿಟ್ಟುಕೊಳ್ಳಿ. ಪ್ರತಿ ಮಂಡಿಯೂ ಪ್ರಾಮಾಣಿಕವಾಗಿ ಒಂದು ಕಟ್ಟು ಕಾಗದ ರವಾನಿಸುತ್ತದೆ. ಹೊಸದುರ್ಗದ ಮನೆಯ ಬಾಗಿಲು ತೆರೆಯಲಾಗದಷ್ಟು ಕಟ್ಟುಗಳು ಬಂದು ಬೀಳುತ್ತವೆ. ಕಾರ್ಡು ಬರೆದವನು ಯಾರೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಕಟ್ಟುಗಳ ಮೇಲಿರುವುದು ಮಂಡಿಗಳ ಮುದ್ರೆ. ಡಿಎನ್‌ಎಸ್ ಪ್ರತಿಫಲನ ದಾಳಿ ನಡೆಯುವುದು ಹೀಗೆಯೇ. ಸುಳ್ಳು ವಿಳಾಸ ಹೊತ್ತ ಪ್ರಶ್ನೆ ತೆರೆದ ರಿಸಾಲ್ವರ್‌ಗೆ ಬರುತ್ತದೆ, ಉತ್ತರ ಬಲಿಪಶುವಿನ ಮನೆಗೆ ಹೋಗುತ್ತದೆ.

ಕಾರ್ಡಿಗಿಂತ ಕಟ್ಟು ದೊಡ್ಡದು ಎಂಬುದೇ ಇಲ್ಲಿನ ಮರ್ಮ. ಮೊದಲ ನಿಯಮಗಳ ಪ್ರಕಾರ ಯುಡಿಪಿ ಉತ್ತರ 512 ಬೈಟ್ ಮೀರುವಂತಿರಲಿಲ್ಲ. 1999ರಲ್ಲಿ ಬಂದ ಇಡಿಎನ್‌ಎಸ್ ವಿಸ್ತರಣೆ ಆ ಮಿತಿಯನ್ನು ಸಡಿಲಿಸಿತು. ಆಮೇಲೆ ಉತ್ತರದ ಸಾಚಾತನಕ್ಕೆ ಸಹಿ ಹಾಕುವ ಡಿಎನ್‌ಎಸ್‌ಸೆಕ್ ಬಂತು. ಸಹಿಗಳು ಸೇರಿ ಉತ್ತರ ಇನ್ನಷ್ಟು ಉಬ್ಬಿತು. ಇವೆರಡೂ ಒಳ್ಳೆಯ ಉದ್ದೇಶದಿಂದ ಬಂದ ಸುಧಾರಣೆಗಳು, ಅಗತ್ಯವೂ ಹೌದು. ಆದರೆ 64 ಬೈಟ್‌ನ ಪ್ರಶ್ನೆಗೆ 3,000 ಬೈಟ್‌ನ ಉತ್ತರ ಸಿಗುವುದಾದರೆ, ಸೆಕೆಂಡಿಗೆ ಸಾವಿರ ಪ್ರಶ್ನೆ ಕಳುಹಿಸುವವನು ಖರ್ಚು ಮಾಡುವುದು ಅರ್ಧ ಮೆಗಾಬಿಟ್. ಬಲಿಪಶುವಿನ ಮೇಲೆ ಬೀಳುವುದು 24 ಮೆಗಾಬಿಟ್. ಅಮೆರಿಕದ ಸೈಬರ್ ತುರ್ತು ಸ್ಪಂದನ ತಂಡ ಡಿಎನ್‌ಎಸ್‌ನ ಈ ಹಿಗ್ಗುವಿಕೆಯನ್ನು 28ರಿಂದ 54 ಪಟ್ಟು ಎಂದು ದಾಖಲಿಸಿದೆ.

2013ರ ಮಾರ್ಚ್‌ನಲ್ಲಿ ಸ್ಪ್ಯಾಮ್ ತಡೆಯುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಮೇಲೆ ಈ ಬಗೆಯ ದಾಳಿ ನಡೆಯಿತು. ಅದರ ಒಂದು ಹಂತದಲ್ಲಿ ಸೆಕೆಂಡಿಗೆ 75 ಗಿಗಾಬಿಟ್‌ನಷ್ಟು ದಟ್ಟಣೆ ಬಂದಿತ್ತು. ಅದನ್ನು ತಡೆಯುತ್ತಿದ್ದ ಕ್ಲೌಡ್‌ಫ್ಲೇರ್ ಸಂಸ್ಥೆ ಎಣಿಸಿ ನೋಡಿದಾಗ, ಅದನ್ನು ಕಳುಹಿಸುತ್ತಿದ್ದವು 30 ಸಾವಿರಕ್ಕೂ ಹೆಚ್ಚು ತೆರೆದ ರಿಸಾಲ್ವರ್‌ಗಳು. ಭಾಗಿಸಿದರೆ ಒಂದೊಂದರ ಪಾಲಿಗೆ ಬರುವುದು ಸರಾಸರಿ 2.5 ಮೆಗಾಬಿಟ್. ಇಡೀ ವಿಷಯದ ತಿರುಳು ಈ ಅಂಕಿಯಲ್ಲಿದೆ. ಇಂದು ಗ್ರಾಮ ಪಂಚಾಯಿತಿಗೆ ಬಂದಿರುವ ಫೈಬರ್ ಸಂಪರ್ಕದಲ್ಲಿ 2.5 ಮೆಗಾಬಿಟ್ ಸೋರಿದರೆ ಯಾರಿಗೂ ತಿಳಿಯುವುದಿಲ್ಲ. ಸರ್ವರ್ ಬಿಸಿಯಾಗುವುದಿಲ್ಲ, ನಿಲ್ಲುವುದಿಲ್ಲ, ದೂರು ಬರುವುದಿಲ್ಲ. ಆಯುಧವಾದ ಯಂತ್ರಕ್ಕೆ ನೋವೇ ಇಲ್ಲ. ನೋವೆಲ್ಲ ಎಲ್ಲೋ ದೂರದಲ್ಲಿ, ಮುಖ ಕಾಣದ ಯಾರಿಗೋ. ‘ನಮ್ಮದು ಚಿಕ್ಕ ಸರ್ವರ್, ನಮ್ಮನ್ನು ಯಾರು ಮುಟ್ಟುತ್ತಾರೆ’ ಎಂಬ ಮಾತು ಆದ್ದರಿಂದಲೇ ಅಪಾಯಕಾರಿ. ಮುಟ್ಟುವವರು ಹುಡುಕುತ್ತಿರುವುದೇ ಚಿಕ್ಕದನ್ನು, ಕಾವಲಿಲ್ಲದ್ದನ್ನು.

ಕರ್ನಾಟಕದ ಓದುಗರಿಗೆ ಇದಕ್ಕೆ ಹತ್ತಿರದ ಅನುಭವ 2025ರ ಆರಂಭದಲ್ಲಿ ಆಯಿತು. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ಸೇವೆ ಕೆಡಿಸುವ ದಾಳಿ ನಡೆದು, ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಕ್ರಯಪತ್ರಕ್ಕೆಂದು ಬಂದವರು ಕಾದು ವಾಪಸಾದರು. ಋಣಭಾರ ಪ್ರಮಾಣಪತ್ರ ಹುಡುಕುವ ಸೌಲಭ್ಯವನ್ನೇ ಬಳಸಿಕೊಂಡು ಸುಳ್ಳು ಕೋರಿಕೆಗಳ ಸುರಿಮಳೆಯಾಗಿತ್ತು. 62 ಇಮೇಲ್ ಖಾತೆಗಳು, 14 ಐಪಿ ವಿಳಾಸಗಳು ಬಳಕೆಯಾಗಿದ್ದು ಆಗ ವರದಿಯಾಯಿತು. ಪೊಲೀಸ್ ಪ್ರಕರಣವೂ ದಾಖಲಾಯಿತು. ಅದು ಡಿಎನ್‌ಎಸ್ ದಾಳಿಯಲ್ಲ. ಆದರೂ ಹೋಲಿಸಿ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಪ್ರಕರಣ ಸಿಗದು. ಜಾಲತಾಣಕ್ಕೆ ಬರುವ ಕೋರಿಕೆ ಮೊದಲು ಕೈಕುಲುಕಿ, ಸಂಪರ್ಕ ಕುದುರಿಸಿಕೊಂಡು ಬರುತ್ತದೆ. ಹಾಗಾಗಿ ಅಲ್ಲಿ ದಾಖಲಾಗುವ ಐಪಿ ವಿಳಾಸದ ಹಿಂದೆ ನಿಜವಾದ ಒಂದು ಯಂತ್ರ ಇರುತ್ತದೆ, ಅದನ್ನು ಹಿಡಿದು ತನಿಖೆ ಸಾಗುತ್ತದೆ. ಯುಡಿಪಿಯ ಡಿಎನ್‌ಎಸ್ ಪ್ರಶ್ನೆಯಲ್ಲಿ ದಾಖಲಾದ ವಿಳಾಸ ದಾಳಿಕೋರನದ್ದಲ್ಲ, ಬಲಿಪಶುವಿನದ್ದು. ಲಾಗ್ ನೋಡಿ ‘ಇವನೇ ಕಳ್ಳ’ ಎಂದು ಬೊಟ್ಟು ಮಾಡುವವರು ಪೆಟ್ಟು ತಿನ್ನುತ್ತಿರುವವನ ಕಡೆಗೇ ಬೊಟ್ಟು ಮಾಡುತ್ತಿರುತ್ತಾರೆ.

ರೋಗ ಪತ್ತೆ ಮಾಡುವ ಮೊದಲು ಆರೋಗ್ಯ ಹೇಗಿರುತ್ತದೆ ಎಂಬುದು ತಿಳಿದಿರಬೇಕು. ಒಂದು ವಾರದ ಸಾಮಾನ್ಯ ದಟ್ಟಣೆಯ ಚಿತ್ರ ಕೈಯಲ್ಲಿಲ್ಲದೆ ಒಂದು ದಿನದ ಏರಿಕೆಗೆ ಅರ್ಥವಿಲ್ಲ. ಕಚೇರಿಯ ರಿಸಾಲ್ವರ್‌ನಲ್ಲಿ ಪ್ರಶ್ನೆಗಳು ಬೆಳಿಗ್ಗೆ ಹತ್ತಕ್ಕೆ ಏರಿ, ಊಟದ ಹೊತ್ತಿಗೆ ಸ್ವಲ್ಪ ಇಳಿದು, ಸಂಜೆ ಆರಕ್ಕೆ ಬಹುಪಾಲು ಅಡಗುತ್ತವೆ. ಕೇಳುವ ದಾಖಲೆಯ ವಿಧವೂ ಹೆಚ್ಚುಕಡಿಮೆ ನಿಗದಿ: ಐಪಿ ವಿಳಾಸಕ್ಕೆ ಎ ಮತ್ತು ನಾಲ್ಕು–ಎ, ಅಂಚೆಗೆ ಎಂಎಕ್ಸ್, ಹಿಮ್ಮುಖ ಹುಡುಕಾಟಕ್ಕೆ ಪಿಟಿಆರ್, ಈಚೆಗೆ ಎಚ್‌ಟಿಟಿಪಿಎಸ್ ಎಂಬ ಹೊಸ ವಿಧ. ರಾತ್ರಿ ಎರಡು ಗಂಟೆಗೆ, ಒಳಗೆ ಒಂದು ನರಪಿಳ್ಳೆ ಇಲ್ಲದಾಗ, ಗೆರೆ ಹಗಲಿಗಿಂತ ಮೇಲಿದ್ದರೆ ಕೂತು ನೋಡಬೇಕಾದ ಸಂಗತಿ ಅದು.

ನೋಡುವುದಕ್ಕೆ ದುಬಾರಿ ಉಪಕರಣ ಬೇಡ. 53ನೇ ಪೋರ್ಟಿನ ಪ್ಯಾಕೆಟ್‌ಗಳನ್ನು ಹಿಡಿದಿಡಲು ಟಿಸಿಪಿಡಂಪ್, ಹಿಡಿದದ್ದನ್ನು ಬಿಡಿಸಿ ನೋಡಲು ವೈರ್‌ಶಾರ್ಕ್, ಎರಡೂ ಉಚಿತ. ಡಿಎನ್‌ಎಸ್ ಸರ್ವರ್ ನಡೆಸುವ ಬೈಂಡ್ ತಂತ್ರಾಂಶದಲ್ಲಿ ಪ್ರಶ್ನೆಗಳ ಲಾಗ್ ಶುರು ಮಾಡಲು ಒಂದು ಆದೇಶ ಸಾಕು. ಆ ಲಾಗಿನ ಒಂದು ಸಾಲನ್ನು ಹತ್ತಿರದಿಂದ ನೋಡಿದರೆ ಹೀಗಿರುತ್ತದೆ: ಮೊದಲು ತಾರೀಕು, ಗಂಟೆ. ನಂತರ ಕ್ಲೈಂಟ್ 203.0.113.25, ಅದರ ಪಕ್ಕ ಹ್ಯಾಷ್ ಚಿಹ್ನೆ, ಪೋರ್ಟ್ ಸಂಖ್ಯೆ. ಆಮೇಲೆ ಕೇಳಿದ ಹೆಸರು. ಅದರ ಮುಂದೆ ದಾಖಲೆಯ ವಿಧ, ‘ಎನಿ’. ಕೊನೆಗೆ ಒಂದು ಅಧಿಕ ಚಿಹ್ನೆ, ಒಂದು ಇ ಅಕ್ಷರ. ಅಧಿಕ ಚಿಹ್ನೆ ಎಂದರೆ ‘ನಿನ್ನಲ್ಲಿಲ್ಲದಿದ್ದರೆ ಹುಡುಕಿ ತಂದುಕೊಡು’ ಎಂಬ ಬೇಡಿಕೆ. ಇ ಎಂದರೆ ಇಡಿಎನ್‌ಎಸ್ ಬಳಕೆಯಾಗಿದೆ. ಉತ್ತರ ದೊಡ್ಡದಿದ್ದರೂ ಸರಿ ಎಂದು ಕೇಳಿದವನು ಹೇಳಿರಬಹುದು. ‘ಎನಿ’ ಎಂದರೆ ಆ ಹೆಸರಿನ ಬಗ್ಗೆ ಇರುವುದನ್ನೆಲ್ಲ ಕೊಡು ಎಂದು. ಮಾಮೂಲಿ ಬಳಕೆದಾರನ ಬ್ರೌಸರ್ ಹೀಗೆ ಕೇಳುವುದಿಲ್ಲ. ಇಂಥ ಒಂದು ಸಾಲು ಏನನ್ನೂ ಸಾಬೀತು ಮಾಡದು. ಅದೇ ಹೆಸರು, ಅದೇ ವಿಧ, ಅದೇ ವಿಳಾಸ ಒಂದೇ ಸೆಕೆಂಡಿನಲ್ಲಿ ಇನ್ನೂರು ಸಲ ಬಂದಿದ್ದರೆ ಸಂಶಯಕ್ಕೆ ಜಾಗವಿಲ್ಲ. ಮೊದಲ ಉತ್ತರ ಕೈಗೆ ಬಂದವನು ಅದನ್ನೇ ಮತ್ತೆ ನೂರಾತೊಂಬತ್ತೊಂಬತ್ತು ಸಲ ಕೇಳುವುದಿಲ್ಲ. ಕೇಳುತ್ತಿದ್ದಾನೆ ಎಂದರೆ ಉತ್ತರ ಅವನಿಗೆ ತಲುಪುತ್ತಿಲ್ಲ, ಅಥವಾ ಕೇಳುತ್ತಿರುವವನು ಅವನಲ್ಲ.

ಹಾಗಾಗಿ ಲಾಗನ್ನು ಸಾಲುಸಾಲಾಗಿ ಓದುವುದಕ್ಕಿಂತ ಎಣಿಸಿ ಓದಬೇಕು. ಯಾವ ವಿಳಾಸದಿಂದ ಎಷ್ಟು, ಯಾವ ಹೆಸರಿಗೆ ಎಷ್ಟು, ಯಾವ ವಿಧ ಎಷ್ಟು, ಉತ್ತರ ಏನೆಂದು ಹೋಯಿತು. ಈ ನಾಲ್ಕು ಎಣಿಕೆಗಳು ಸೇರಿದಾಗ ದುರ್ಬಳಕೆಯ ಬಗೆ ತಾನಾಗಿ ಮುಖ ತೋರಿಸುತ್ತದೆ. ಕೆಲವೇ ವಿಳಾಸ, ಒಂದೆರಡೇ ಹೆಸರು, ದೊಡ್ಡ ಉತ್ತರ ತರುವ ‘ಎನಿ’, ಟೆಕ್ಸ್ಟ್ ಅಥವಾ ಡಿಎನ್‌ಎಸ್‌ಕೀ ವಿಧ, ಜತೆಗೆ ಒಳಬರುವುದಕ್ಕಿಂತ ಹೊರಹೋಗುವುದು ಹತ್ತಾರು ಪಟ್ಟು ಹೆಚ್ಚು — ಇದು ಪ್ರತಿಫಲನ. ಹಲವು ಬಾರಿ ಕೇಳಿದವನ ಪೋರ್ಟ್ ಸಂಖ್ಯೆಯೂ ಪ್ರಶ್ನೆಯ ಗುರುತು ಸಂಖ್ಯೆಯೂ ಬದಲಾಗದೆ ಮರುಕಳಿಸುತ್ತಿರುತ್ತವೆ. ನಿಜವಾದ ಕಂಪ್ಯೂಟರ್ ಪ್ರತಿ ಪ್ರಶ್ನೆಗೂ ಅವನ್ನು ಬದಲಿಸುತ್ತದೆ. 2008ರಲ್ಲಿ ಡ್ಯಾನ್ ಕಾಮಿನ್‌ಸ್ಕಿ ರಿಸಾಲ್ವರ್‌ನ ನೆನಪಿಗೆ ಸುಳ್ಳು ತುಂಬುವ ದಾರಿಯನ್ನು ತೋರಿಸಿಕೊಟ್ಟ ಮೇಲೆ ಪೋರ್ಟ್ ಬದಲಿಸುವುದು ಎಲ್ಲ ಕಡೆ ರೂಢಿಗೆ ಬಂತು.

ಎರಡನೆಯ ಬಗೆಯಲ್ಲಿ ಹೆಸರುಗಳು ಒಂದೇ ಅಲ್ಲ, ಪ್ರತಿಯೊಂದೂ ಬೇರೆ. ಬಾಲ ಮಾತ್ರ ಒಂದೇ ಡೊಮೇನ್. ಅದರ ಹಿಂದೆ ಅರ್ಥವಿಲ್ಲದ ಅಕ್ಷರಗಳ ಗೊಂಚಲು, ಸಲಸಲಕ್ಕೂ ಹೊಸದು. ಹೊಸದಾದ್ದರಿಂದ ರಿಸಾಲ್ವರ್‌ನ ನೆನಪಿನಲ್ಲಿ ಸಿಗುವುದಿಲ್ಲ. ಪ್ರತಿ ಸಲವೂ ಅದು ಆ ಡೊಮೇನಿನ ಅಧಿಕೃತ ಸರ್ವರ್‌ವರೆಗೆ ಓಡಲೇಬೇಕು, ಅಲ್ಲಿಂದ ‘ಅಂಥ ಹೆಸರಿಲ್ಲ’ ಎಂಬ ಉತ್ತರ ತರಬೇಕು. ಅಧಿಕೃತ ಸರ್ವರ್ ಕುಸಿದ ಮೇಲೆ ಉತ್ತರವೂ ಬರುವುದಿಲ್ಲ. ರಿಸಾಲ್ವರ್ ಕಾಯುತ್ತಾ ಕಾಯುತ್ತಾ ತಾನೂ ಸುಸ್ತಾಗುತ್ತದೆ. ಹನಿಹನಿಯಾಗಿ ನೀರು ಹಾಕಿ ಹಿಂಸಿಸುವ ಪುರಾತನ ಶಿಕ್ಷೆಯ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಲಾಗಿನಲ್ಲಿ ‘ಹೆಸರಿಲ್ಲ’ ಮತ್ತು ‘ಸರ್ವರ್ ವಿಫಲ’ ಎಂಬ ಉತ್ತರಗಳ ಪಾಲು ಒಮ್ಮೆಲೇ ಏರುವುದೇ ಇದರ ಗುರುತು.

ಮೂರನೆಯದು ಒಳಗಿನಿಂದಲೇ ಹುಟ್ಟುವಂಥದ್ದು, ಸದ್ದು ಮಾಡದು, ಹಿಡಿಯುವುದೂ ಕಷ್ಟ. ಕಚೇರಿಯ ಒಂದು ಕಂಪ್ಯೂಟರ್, ಒಂದೇ ಡೊಮೇನಿನ ಅಡಿಯಲ್ಲಿ, ಉದ್ದುದ್ದ ಹೆಸರುಗಳನ್ನು ಹಗಲೂ ರಾತ್ರಿ ಒಂದೇ ಲಯದಲ್ಲಿ ಕೇಳುತ್ತಿರುತ್ತದೆ. ಡಿಎನ್‌ಎಸ್ ಹೆಸರಿನ ಒಂದು ತುಂಡು 63 ಅಕ್ಷರದವರೆಗೆ, ಇಡೀ ಹೆಸರು 255 ಬೈಟ್‌ವರೆಗೆ ಇರಬಹುದು. ಆ ಜಾಗದಲ್ಲಿ ಕಡತದ ಚೂರುಗಳನ್ನು ಅಡಗಿಸಿ, ಪ್ರಶ್ನೆಯ ವೇಷದಲ್ಲಿ ಹೊರಗೆ ಸಾಗಿಸಬಹುದು. ಟೆಕ್ಸ್ಟ್ ಉತ್ತರದ ವೇಷದಲ್ಲಿ ಆದೇಶಗಳನ್ನು ಒಳಗೆ ತರಬಹುದು. ಇದಕ್ಕೆ ಸುರಂಗ ಎಂದು ಹೆಸರು. ಚಿತ್ರದುರ್ಗದವರಿಗೆ ಕೋಟೆಯ ಕಿಂಡಿಯ ಅಪಾಯವನ್ನು ವಿವರಿಸಬೇಕಿಲ್ಲ: ಫೈರ್‌ವಾಲ್ ಎಷ್ಟೇ ಎತ್ತರದ್ದಾದರೂ 53ನೇ ಪೋರ್ಟ್ ಎಂಬ ಕಿಂಡಿ ಬಹುತೇಕ ಎಲ್ಲ ಕಡೆ ತೆರೆದೇ ಇರುತ್ತದೆ. 2020ರ ಕೊನೆಗೆ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ಕಳ್ಳ ತಂತ್ರಾಂಶ ತಾನು ಯಾವ ಸಂಸ್ಥೆಯೊಳಗೆ ಕೂತಿದ್ದೇನೆಂಬ ಸುಳಿವನ್ನು ಹೀಗೆ ಡಿಎನ್‌ಎಸ್ ಹೆಸರುಗಳೊಳಗೆ ಹೊಸೆದು ಕಳುಹಿಸುತ್ತಿತ್ತು. ಇದಕ್ಕೆ ಸೋದರನಂತಿರುವುದು ಕಾನ್‌ಫಿಕರ್‌ನಂಥ ಹುಳುಗಳ ವರ್ತನೆ. ಅದರ ಒಂದು ಆವೃತ್ತಿ 2009ರಲ್ಲಿ ದಿನಕ್ಕೆ 50 ಸಾವಿರ ಡೊಮೇನ್ ಹೆಸರುಗಳನ್ನು ಲೆಕ್ಕ ಹಾಕಿ ಹುಟ್ಟಿಸಿ, ಅವುಗಳಲ್ಲಿ ಕೆಲವನ್ನು ಆರಿಸಿ, ಒಡೆಯನ ಸರ್ವರ್ ಎಲ್ಲಾದರೂ ಸಿಗುತ್ತದೆಯೇ ಎಂದು ಹುಡುಕುತ್ತಿತ್ತು. ಹೆಚ್ಚಿನವು ಇಲ್ಲದ ಹೆಸರುಗಳು. ಒಳಗಿನ ಒಂದು ಯಂತ್ರ ದಿನವಿಡೀ ಇಲ್ಲದ ಹೆಸರುಗಳನ್ನೇ ಕೇಳುತ್ತಿದ್ದರೆ ಆ ಯಂತ್ರವನ್ನು ಜಾಲದಿಂದ ಬಿಡಿಸಿ ಪರೀಕ್ಷಿಸಬೇಕು.

ಪ್ರಶ್ನೆಯನ್ನೇ ಕೇಳದೆ ಉತ್ತರಗಳು ಧಾರಾಕಾರ ಬರುತ್ತಿದ್ದರೆ? ಆಗ ಬಲಿಪಶು ನೀವೇ. ಆ ಪ್ರವಾಹವನ್ನು ಸ್ವಂತ ಫೈರ್‌ವಾಲ್‌ನಲ್ಲಿ ತಡೆದು ಪ್ರಯೋಜನವಿಲ್ಲ, ಅಷ್ಟು ಹೊತ್ತಿಗೆ ಸಂಪರ್ಕದ ಕೊಳವೆ ತುಂಬಿರುತ್ತದೆ. ಸಂಪರ್ಕ ಕೊಡುವ ಕಂಪನಿ ಮೇಲಿನ ಹಂತದಲ್ಲೇ ತಡೆಯಬೇಕಾಗುತ್ತದೆ.

ಸಂಶಯ ಪಡುವುದರಲ್ಲೂ ಎಚ್ಚರ ಬೇಕು, ಏಕೆಂದರೆ ವಿಚಿತ್ರವಾಗಿ ಕಂಡದ್ದೆಲ್ಲ ದ್ರೋಹವಲ್ಲ. ಕೆಲವು ಆಂಟಿವೈರಸ್ ತಂತ್ರಾಂಶಗಳು ಕಡತದ ಗುರುತನ್ನು ಉದ್ದನೆಯ ಹೆಸರಾಗಿಸಿ ಡಿಎನ್‌ಎಸ್ ಮೂಲಕವೇ ವಿಚಾರಿಸುತ್ತವೆ. ಅಂಚೆ ಸರ್ವರ್‌ಗಳು ಪ್ರತಿ ಪತ್ರಕ್ಕೂ ಸ್ಪ್ಯಾಮ್ ಪಟ್ಟಿಯನ್ನು ಡಿಎನ್‌ಎಸ್‌ನಲ್ಲೇ ಕೇಳುತ್ತವೆ. ಕ್ರೋಮ್ ಬ್ರೌಸರ್ ಹಲವು ವರ್ಷ ಪ್ರತಿ ಸಲ ತೆರೆದಾಗಲೂ ಮೂರು ಯಾದೃಚ್ಛಿಕ ಹೆಸರುಗಳನ್ನು ಕೇಳಿ ಜಾಲವನ್ನು ಪರೀಕ್ಷಿಸುತ್ತಿತ್ತು. ಡಿಎನ್‌ಎಸ್‌ನ ಮೂಲ ಸರ್ವರ್‌ಗಳಿಗೆ ಬರುತ್ತಿದ್ದ ಪ್ರಶ್ನೆಗಳಲ್ಲಿ ಅರ್ಧದಷ್ಟು ಇದರಿಂದಲೇ ಎಂದು 2020ರಲ್ಲಿ ಗೊತ್ತಾಗಿ, ನಂತರ ಅದನ್ನು ತಗ್ಗಿಸಲಾಯಿತು. ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದಿದೆ. ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಕೊನೆಯಾಗುವ ಡೊಮೇನ್ ಹೆಸರು ಈಗ ಸಿಗುತ್ತದೆ. ಡಿಎನ್‌ಎಸ್ ಒಳಗೆ ಅದು ಕನ್ನಡವಾಗಿ ಸಾಗುವುದಿಲ್ಲ. ಎಕ್ಸ್, ಎನ್ ಎಂಬ ಎರಡು ಇಂಗ್ಲಿಷ್ ಅಕ್ಷರ, ಎರಡು ಅಡ್ಡಗೆರೆ, ಆಮೇಲೆ ಅಂಕಿ–ಅಕ್ಷರಗಳ ಗೋಜಲಾಗಿ ಸಾಗುತ್ತದೆ. ತಿಳಿಯದವರು ಅದನ್ನು ವೈರಸ್ ಎಂದು ಭಾವಿಸಿ ತಡೆದರೆ ಕನ್ನಡದ ತಾಣವೊಂದು ಆ ಕಚೇರಿಯ ಪಾಲಿಗೆ ಮುಚ್ಚಿಹೋಗುತ್ತದೆ. ಎಕ್ಸ್‌ಎನ್‌ನಿಂದ ಶುರುವಾಗುವ ಹೆಸರು ಕಂಡರೆ ಬಿಡಿಸಿ ಓದಿ ನೋಡಿದ ಮೇಲೆಯೇ ತೀರ್ಮಾನಕ್ಕೆ ಬರಬೇಕು.

ರಕ್ಷಣೆಯ ಕೆಲಸ ಶುರುವಾಗುವುದು ಒಂದು ಪರೀಕ್ಷೆಯಿಂದ. ಕಚೇರಿಯ ಜಾಲದ ಹೊರಗೆ ನಿಂತು, ಉದಾಹರಣೆಗೆ ಮೊಬೈಲ್ ಸಂಪರ್ಕಕ್ಕೆ ಜೋಡಿಸಿದ ಲ್ಯಾಪ್‌ಟಾಪ್‌ನಿಂದ, ಡಿಗ್ ಎಂಬ ಸಲಕರಣೆ ಬಳಸಿ ಸ್ವಂತ ಸರ್ವರ್‌ಗೆ ಅದಕ್ಕೆ ಸಂಬಂಧವೇ ಇಲ್ಲದ ಒಂದು ಹೆಸರನ್ನು ಕೇಳಬೇಕು. ‘ನಿರಾಕರಿಸಲಾಗಿದೆ’ ಎಂಬ ಉತ್ತರ ಬಂದರೆ, ಅಥವಾ ಉತ್ತರವೇ ಬಾರದಿದ್ದರೆ, ಬಾಗಿಲು ಮುಚ್ಚಿದೆ. ವಿಳಾಸವನ್ನು ಹುಡುಕಿ ಕೊಟ್ಟಿತೆಂದರೆ ಅದು ತೆರೆದ ರಿಸಾಲ್ವರ್.

ಮುಚ್ಚುವುದು ಕಷ್ಟವಲ್ಲ. ರಿಸಾಲ್ವರ್ ಯಾರಿಗೆ ಹುಡುಕಿಕೊಡಬೇಕು ಎಂಬುದನ್ನು ಒಳಗಿನ ವಿಳಾಸಗಳಿಗೆ ಸೀಮಿತಗೊಳಿಸುವ ಸಾಲು ಬೈಂಡ್, ಅನ್‌ಬೌಂಡ್ ಎರಡರಲ್ಲೂ ಇದೆ. 2007ರಿಂದೀಚಿನ ಬೈಂಡ್ ಆವೃತ್ತಿಗಳು ಏನೂ ಹೇಳದಿದ್ದರೆ ತಾವಾಗಿಯೇ ಸ್ಥಳೀಯ ಜಾಲಕ್ಕೆ ಮಾತ್ರ ಹುಡುಕಿಕೊಡುತ್ತವೆ. ಇಂದು ತೆರೆದಿರುವ ಎಷ್ಟೋ ಬೈಂಡ್ ಸರ್ವರ್‌ಗಳನ್ನು ಯಾರೋ ಅವಸರದಲ್ಲಿ ‘ಎಲ್ಲರಿಗೂ’ ಎಂದು ಬರೆದು ತೆರೆದಿಟ್ಟಿದ್ದಾರೆ. ಪರೀಕ್ಷೆಗೆಂದು ಬರೆದ ಆ ಸಾಲು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಅಧಿಕೃತ ಸರ್ವರ್ ಮತ್ತು ರಿಸಾಲ್ವರ್ ಎರಡೂ ಕೆಲಸವನ್ನು ಒಂದೇ ಯಂತ್ರಕ್ಕೆ ಹೊರಿಸಿದ್ದರೆ ಬೇರ್ಪಡಿಸಬೇಕು. ಕಚೇರಿಯ, ಅಂಗಡಿಯ ಮೋಡೆಮ್ಮನ್ನೂ ಮರೆಯುವಂತಿಲ್ಲ. ಹಲವು ಮೋಡೆಮ್‌ಗಳೊಳಗೆ ಪುಟ್ಟ ಡಿಎನ್‌ಎಸ್ ಸೇವೆ ಇರುತ್ತದೆ, ಕೆಲವು ಅದನ್ನು ಹೊರಗಿನ ಕಡೆಗೂ ತೆರೆದಿಡುತ್ತವೆ. 2017ರ ಜುಲೈ ಕೊನೆಯಲ್ಲಿ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಬಿಎಸ್‌ಎನ್‌ಎಲ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ಮಾಲ್‌ವೇರ್‌ಗೆ ತುತ್ತಾಗಿ ನಿಂತುಹೋದವು; ಕರ್ನಾಟಕದ ಗ್ರಾಹಕರೂ ಅವರಲ್ಲಿದ್ದರು. ಅಂದು ಯಂತ್ರ ನಿಂತಿತು, ಆದ್ದರಿಂದ ತಿಳಿಯಿತು. ನಿಲ್ಲಿಸದೆ ಡಿಎನ್‌ಎಸ್ ವಿಳಾಸವನ್ನಷ್ಟೇ ಬದಲಿಸಿ ಹೋದರೆ, ಬ್ಯಾಂಕಿನ ಹೆಸರು ಒತ್ತಿದವರನ್ನು ಕಳ್ಳ ತಾಣಕ್ಕೆ ಕರೆದೊಯ್ಯಬಹುದು. ಡಿಎನ್‌ಎಸ್‌ಚೇಂಜರ್ ಎಂಬ ಮಾಲ್‌ವೇರ್ ಜಗತ್ತಿನಾದ್ಯಂತ ಸುಮಾರು 40 ಲಕ್ಷ ಕಂಪ್ಯೂಟರ್‌ಗಳ ಡಿಎನ್‌ಎಸ್ ವಿಳಾಸಗಳನ್ನು ಬದಲಿಸಿಬಿಟ್ಟಿತ್ತು. ಅದರ ಹಿಂದಿನ ಜಾಲವನ್ನು ಅಮೆರಿಕದ ಎಫ್‌ಬಿಐ 2011ರ ನವೆಂಬರ್‌ನಲ್ಲಿ ಮುರಿಯಿತು.

ಅಧಿಕೃತ ಸರ್ವರ್‌ನ ಬಾಗಿಲನ್ನು ಮುಚ್ಚುವಂತಿಲ್ಲ, ಹರಿವನ್ನು ಅಳೆದು ಬಿಡಬಹುದಷ್ಟೆ. ಕೆರೆಗೆ ತೂಬು ಇಟ್ಟ ನಾಡಿನವರಿಗೆ ಇದು ಹೊಸ ವಿಚಾರವಲ್ಲ. ಪಾಲ್ ವಿಕ್ಸಿ ಮತ್ತು ವರ್ನನ್ ಶ್ರೈವರ್ 2012ರಲ್ಲಿ ರೂಪಿಸಿದ ಉತ್ತರ ಮಿತಿ ವಿಧಾನ ಅಂಥ ತೂಬು. ಒಂದೇ ಜಾಲಕ್ಕೆ ಒಂದೇ ಉತ್ತರ ಸೆಕೆಂಡಿಗೆ ಇಂತಿಷ್ಟು ಬಾರಿ ಮಾತ್ರ. ಮಿಕ್ಕವನ್ನು ಸರ್ವರ್ ಕೈಬಿಡುತ್ತದೆ. ಈ ವಿಧಾನದ ಜಾಣ್ಮೆ ಇರುವುದು ಕೈಬಿಡುವ ರೀತಿಯಲ್ಲಿ. ಎಲ್ಲವನ್ನೂ ಕೈಬಿಟ್ಟರೆ, ಯಾರ ಹೆಸರಿನಲ್ಲಿ ದಾಳಿ ನಡೆದಿದೆಯೋ ಆ ಅಮಾಯಕ ನಿಜವಾಗಿ ಕೇಳಿದ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ಆದ್ದರಿಂದ ಎರಡಕ್ಕೊಂದರಂತೆ ‘ಉತ್ತರ ಹಿಡಿಸಲಿಲ್ಲ, ಟಿಸಿಪಿಯಲ್ಲಿ ಬಾ’ ಎಂಬ ಚುಟುಕು ಉತ್ತರ ಹೋಗುತ್ತದೆ. ನಿಜವಾದ ಕ್ಲೈಂಟ್ ಕೈಕುಲುಕುವ ಶಾಸ್ತ್ರವಿರುವ ಟಿಸಿಪಿ ವಿಧಾನದಲ್ಲಿ ಬಂದು ತನ್ನ ಉತ್ತರ ಪಡೆಯುತ್ತದೆ. ಸುಳ್ಳು ವಿಳಾಸದವನಿಗೆ ಕೈಕುಲುಕಲಾಗದು, ಏಕೆಂದರೆ ಆ ವಿಳಾಸದಲ್ಲಿ ಅವನಿಲ್ಲ. ಚುಟುಕು ಉತ್ತರ ಪ್ರಶ್ನೆಯಷ್ಟೇ ಚಿಕ್ಕದಾದ್ದರಿಂದ ಹಿಗ್ಗುವಿಕೆಯೂ ಇಲ್ಲ. 53ನೇ ಟಿಸಿಪಿ ಪೋರ್ಟನ್ನು ‘ಡಿಎನ್‌ಎಸ್‌ಗೆ ಯುಡಿಪಿ ಸಾಕು’ ಎಂದು ಫೈರ್‌ವಾಲ್‌ನಲ್ಲಿ ಮುಚ್ಚುವ ಅಭ್ಯಾಸ ಎಷ್ಟು ತಪ್ಪು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಅದೇ ರೀತಿ ಲಾಗಿನಲ್ಲಿ ಕಂಡ ವಿಳಾಸವನ್ನು ಶಾಶ್ವತವಾಗಿ ತಡೆಪಟ್ಟಿಗೆ ಹಾಕುವುದೂ ತಪ್ಪು. ದಾಳಿಕೋರ ನಾಳೆ ಬೇರೆ ಹೆಸರು ಬರೆಯುತ್ತಾನೆ. ಇಂದಿನ ಬಲಿಪಶು ಮಾತ್ರ ತಡೆಪಟ್ಟಿಯಲ್ಲಿ ಉಳಿಯುತ್ತಾನೆ.

ಇವುಗಳ ಜತೆಗೆ ಸಣ್ಣಪುಟ್ಟ ಬಿಗಿಗಳು. ‘ಎನಿ’ ಪ್ರಶ್ನೆಗೆ ಎಲ್ಲವನ್ನೂ ಸುರಿಯದೆ ಒಂದು ಚಿಕ್ಕ ಉತ್ತರ ಕೊಟ್ಟು ಮುಗಿಸಲು 2019ರಿಂದ ನಿಯಮವೇ ಒಪ್ಪಿಗೆ ಕೊಟ್ಟಿದೆ. ಯುಡಿಪಿ ಉತ್ತರದ ಗಾತ್ರಕ್ಕೆ 1,232 ಬೈಟ್ ಮಿತಿ ಹಾಕುವುದು 2020ರ ಅಕ್ಟೋಬರ್‌ನಿಂದ ಡಿಎನ್‌ಎಸ್ ತಂತ್ರಜ್ಞರ ಶಿಫಾರಸು. ಯಾದೃಚ್ಛಿಕ ಹೆಸರುಗಳ ಹಿಂಸೆಗೆ, ಒಂದೇ ಡೊಮೇನಿನ ಪರವಾಗಿ ಏಕಕಾಲಕ್ಕೆ ಎಷ್ಟು ಹುಡುಕಾಟ ನಡೆಸಬಹುದು ಎಂಬ ಮಿತಿ ಬೈಂಡ್‌ನಲ್ಲಿದೆ. ಸುರಂಗಕ್ಕೆ ಮದ್ದೆಂದರೆ ಒಳಗಿನ ಕಂಪ್ಯೂಟರ್‌ಗಳು ಕಚೇರಿಯ ರಿಸಾಲ್ವರ್ ಬಿಟ್ಟು ಬೇರೆ ಯಾರನ್ನೂ ನೇರವಾಗಿ ಕೇಳದಂತೆ ಮಾಡುವುದು, ಆ ರಿಸಾಲ್ವರ್‌ನ ಲಾಗನ್ನು ನೋಡುತ್ತಿರುವುದು. ತಂತ್ರಾಂಶವನ್ನು ಕಾಲಕಾಲಕ್ಕೆ ಹೊಸದಾಗಿಸಬೇಕು ಎಂಬುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. 2024ರ ಫೆಬ್ರುವರಿಯಲ್ಲಿ ಬಯಲಾದ ಕೀಟ್ರ್ಯಾಪ್ ಲೋಪದಲ್ಲಿ ಒಂದೇ ಒಂದು ಪ್ಯಾಕೆಟ್‌ನಿಂದ ರಿಸಾಲ್ವರನ್ನು ದೀರ್ಘಕಾಲ ಕಟ್ಟಿಹಾಕಬಹುದಿತ್ತು. ಹೊಸ ಆವೃತ್ತಿ ಹಾಕಿದವರು ಪಾರಾದರು.

ಬೇರನ್ನೇ ಕೀಳುವ ಮದ್ದು ಸರ್ವರ್ ನಡೆಸುವವರ ಕೈಯಲ್ಲಿಲ್ಲ, ಸಂಪರ್ಕ ಕೊಡುವವರ ಕೈಯಲ್ಲಿದೆ. ತಮ್ಮ ಗ್ರಾಹಕರ ಕಡೆಯಿಂದ ಹೊರಡುವ ಪ್ಯಾಕೆಟ್ ಮೇಲೆ ಆ ಗ್ರಾಹಕರಿಗೆ ಕೊಟ್ಟಿಲ್ಲದ ವಿಳಾಸ ಬರೆದಿದ್ದರೆ ಅದನ್ನು ಅಲ್ಲೇ ಎಸೆಯಬೇಕು ಎಂಬ ಉತ್ತಮ ರೂಢಿ 2000ದ ಮೇ ತಿಂಗಳಿನಲ್ಲೇ ದಾಖಲೆಯಾಗಿ ಬಂದಿದೆ. ಎಲ್ಲರೂ ಪಾಲಿಸಿದ್ದರೆ ಸುಳ್ಳು ವಿಳಾಸದ ಪ್ರಶ್ನೆ ಹುಟ್ಟೂರು ಬಿಟ್ಟು ಹೊರಡುತ್ತಲೇ ಇರಲಿಲ್ಲ. ಕಾಲು ಶತಮಾನ ಕಳೆದರೂ ಎಲ್ಲರೂ ಪಾಲಿಸುತ್ತಿಲ್ಲ. ಇದಕ್ಕೆ ತಾಂತ್ರಿಕ ಕಾರಣಕ್ಕಿಂತ ಉದಾಸೀನವೇ ದೊಡ್ಡ ಕಾರಣ: ಶ್ರಮ ಒಬ್ಬರದು, ಲಾಭ ಇನ್ನೊಬ್ಬರದು.

ಭಾರತದಲ್ಲಿ ಕಾನೂನಿನ ಬಾಧ್ಯತೆಯೂ ಇದೆ. ಸೈಬರ್ ತುರ್ತು ಸ್ಪಂದನೆಯ ರಾಷ್ಟ್ರೀಯ ಸಂಸ್ಥೆ ಸರ್ಟ್‌–ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸೇವೆ ಕೆಡಿಸುವ ದಾಳಿ, ಸರ್ವರ್‌ಗಳ ಮೇಲಿನ ದಾಳಿ ಮುಂತಾದ ಘಟನೆಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ತಿಳಿಸಬೇಕು. ಲಾಗ್‌ಗಳನ್ನು 180 ದಿನ ಕಾಪಿಡಬೇಕು. ಯಂತ್ರಗಳ ಗಡಿಯಾರ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಕೊಂಡಿರಬೇಕು. ಮೂರನೆಯ ಅಂಶ ಕ್ಷುಲ್ಲಕವಾಗಿ ಕಂಡರೂ ಹಾಗಲ್ಲ. ಗಡಿಯಾರ ನಾಲ್ಕು ನಿಮಿಷ ಹಿಂದಿರುವ ಸರ್ವರ್‌ನ ಲಾಗ್ ಇನ್ನೊಬ್ಬರ ಲಾಗಿಗೆ ತಾಳೆಯಾಗುವುದಿಲ್ಲ. ತಾಳೆಯಾಗದ ಲಾಗ್ ತನಿಖೆಗೆ ಬರುವುದಿಲ್ಲ. ಲಾಗ್ ಕಾಪಿಡುವಾಗ ಇನ್ನೊಂದು ಜವಾಬ್ದಾರಿಯೂ ಸೇರಿಕೊಳ್ಳುತ್ತದೆ. ಯಾರು ಯಾವ ಹೊತ್ತಿನಲ್ಲಿ ಯಾವ ಆಸ್ಪತ್ರೆಯ, ಯಾವ ಬ್ಯಾಂಕಿನ, ಯಾವ ಪತ್ರಿಕೆಯ ತಾಣ ನೋಡಿದರು ಎಂಬುದು ಡಿಎನ್‌ಎಸ್ ಲಾಗಿನಲ್ಲಿ ಬಿಚ್ಚಿಟ್ಟ ಪುಸ್ತಕದಂತೆ ಇರುತ್ತದೆ. ಅದು ಬೀಗದೊಳಗೆ ಇರಬೇಕು, ಅಗತ್ಯವಿದ್ದವರ ಕಣ್ಣಿಗೆ ಮಾತ್ರ ಬೀಳಬೇಕು.

ಹೊಳಲ್ಕೆರೆಯ ಸಹಕಾರ ಸಂಘವಿರಲಿ, ಹಿರಿಯೂರಿನ ಕಾಲೇಜಿರಲಿ, ರಾಮಗಿರಿಯ ಅಂಗಡಿಯ ಮೂಲೆಯಲ್ಲಿ ಮಿಣುಕುವ ಮೋಡೆಮ್ ಇರಲಿ, ಅದರ ಉಸ್ತುವಾರಿ ಹೊತ್ತವರು ಹೊರಗಿನ ಸಂಪರ್ಕದಿಂದ ಒಮ್ಮೆ ಡಿಗ್ ಪರೀಕ್ಷೆಯ ಆ ಪ್ರಶ್ನೆಯನ್ನು ಕೇಳಿ ನೋಡಬೇಕು. ಬೇಕಾಗುವುದು ಎರಡು ನಿಮಿಷ. ಉತ್ತರ ಬಂದರೆ ಸಂಜೆ ಬಾಗಿಲು ಹಾಕುವ ಮೊದಲೇ ಸೆಟ್ಟಿಂಗ್ ಸರಿಪಡಿಸಿ, ಇನ್ನೊಮ್ಮೆ ಕೇಳಿ, ನಿರಾಕರಣೆ ಬಂದದ್ದನ್ನು ಕಣ್ಣಾರೆ ನೋಡಿಯೇ ಮನೆಗೆ ಹೋಗಬೇಕು.